ಹತ್ತು ಎಚ್‌ಪಿ ಮಹಿಷಾಸುರ

ಸಿಂಧನೂರಿನ ತಾಲ್ಲೂಕು ಕಚೇರಿಯ ಎದುರಿಗೆ ಝೆರಾಕ್ಸ್ ಅಂಗಡಿಗಳು ಆರು ಇವೆ. ಕವಿಗಳಂತೂ ಊರ ತುಂಬ ಇದ್ದಾರೆ. ಆದರೆ ಝೆರಾಕ್ಸ್ ಯಂತ್ರದ ಮೇಲೆ ಮೊಣಕೈ ಊರಿಕೊಂಡು ಕವಿತೆ ಬರೆಯುವವರು ನಮ್ಮ ಕರಿಬಸಯ್ಯನವರು ಒಬ್ಬರೇ. ಯಂತ್ರ ಬಿಸಿಯಾದರೆ ಕವಿತೆಯೂ ಬಿಸಿಯಾಗಿ ಇಳಿಯುತ್ತದೆ ಎಂದು ಅವರ ನಂಬಿಕೆ. ನಾನು ಪಕ್ಕದ ಪಂಕ್ಚರ್ ಅಂಗಡಿಯವನು. ಹನ್ನೆರಡು ವರ್ಷ ಆ ಬಿಸಿಯನ್ನು ಹತ್ತಿರದಿಂದ ಅನುಭವಿಸಿದವನಾದ್ದರಿಂದ ಈ ಸಂಗತಿ ಹೇಳುವ ಹಕ್ಕು ನನಗಿದೆ.

ಕರಿಬಸಯ್ಯನವರ ಕವಿತೆಗೆ ವಸ್ತು ಒಂದೇ, ದೇವಿ. ಬೇರೆ ಕವಿಗಳು ಹೂವು, ಚಂದ್ರ, ಪ್ರೀತಿ ಎಂದು ಎಲ್ಲೆಲ್ಲೋ ಅಲೆಯಲಿ, ಇವರು ಕೂತಲ್ಲಿಂದ ಅಲ್ಲಾಡುವುದಿಲ್ಲ. ನವರಾತ್ರಿಯ ಒಂಬತ್ತು ಸಂಜೆ ಗುಡಿಯಲ್ಲಿ ನಡೆಯುವ ಪುರಾಣವನ್ನು ತಾಯಿಯ ತೊಡೆಯ ಮೇಲೆ ಕೂತ ಕಾಲದಿಂದ ಕೇಳಿದ್ದಾರೆ. ಚಂಡ ಮುಂಡರಿಂದ ಮಹಿಷಾಸುರನವರೆಗೆ ಎಲ್ಲ ರಾಕ್ಷಸರೂ ಅವರಿಗೆ ಬೀಗರಷ್ಟೇ ಪರಿಚಯ. ಇಂಥ ಮನುಷ್ಯನಿಗೆ ಇದ್ದ ಕೊರಗು ಒಂದೇ. ಅವರ ಒಂದು ಕವಿತೆಯನ್ನಾದರೂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಯಾರೂ ಕೇಳಿರಲಿಲ್ಲ.

ಹೆಂಡತಿ ಗುರುಲಿಂಗಮ್ಮನಿಗೆ ಮೂರನೇ ಸಾಲಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತದೆ. ಮಸ್ಕಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಅವಳ ತಮ್ಮ ಚನ್ನವೀರನಿಗೆ ಫೋನಿನಲ್ಲಿ ಓದಿದರೆ ಐದನೇ ಸಾಲಿಗೆ ಸಿಗ್ನಲ್ ಹೋಗುತ್ತದೆ. ನಾನಂತೂ ನಾಲ್ಕನೇ ಸಾಲಿಗೆ ಗಾಳಿ ಹೊಡೆಯುವ ಕಂಪ್ರೆಸರ್ ಚಾಲೂ ಮಾಡುತ್ತೇನೆ. ಆ ಸದ್ದಿನಲ್ಲಿ ಕವಿಯೂ ಕೇಳಿಸುವುದಿಲ್ಲ, ದೇವಿಯೂ ಕೇಳಿಸುವುದಿಲ್ಲ. ಹೋದ ವರ್ಷ ಲಿಂಗಸುಗೂರಿನ ಕವಿಗೋಷ್ಠಿಯಲ್ಲಿ ದೇವಿಯ ಎಂಟು ಕೈಗಳಲ್ಲಿ ಮೂರನೆಯದನ್ನು ವರ್ಣಿಸುತ್ತಿದ್ದಾಗಲೇ ಗಂಟೆ ಬಾರಿಸಿ ಇವರನ್ನು ಕೆಳಗಿಳಿಸಿದರು. ಉಳಿದ ಐದು ಕೈಗಳಲ್ಲಿ ಏನಿತ್ತೆಂಬುದು ಲಿಂಗಸುಗೂರಿನವರಿಗೆ ಇಂದಿಗೂ ಗೊತ್ತಿಲ್ಲ.

ಈ ದಸರೆಗೆ ಸಿಂಧನೂರಿನಲ್ಲೇ ಕವಿಗೋಷ್ಠಿ ಎಂದು ಗೊತ್ತಾಯಿತು. ಅದನ್ನು ನಡೆಸುವವರು ನಿವೃತ್ತ ಮಾಸ್ತರ್ ಗುರುಬಸವ. ಆಮಂತ್ರಣ ಪತ್ರಿಕೆಯ ಪ್ರತಿ ತೆಗೆಸಲು ಅವರು ಬಂದಾಗ ಕರಿಬಸಯ್ಯನವರು ತಮ್ಮ ಹೆಸರು ಕೊನೆಯಲ್ಲಿರುವುದನ್ನು ನೋಡಿ ಯಂತ್ರಕ್ಕೇ ಕೈ ಮುಗಿದರು.

“ಹೆಸರು ಹಾಕೀನಿ, ಖರೆ,” ಎಂದರು ಮಾಸ್ತರರು. “ಆದ್ರ ಒಂದು ಷರತ್ತು. ನಿಮ್ಮ ದೇವಿ ಇಷ್ಟು ವರ್ಷ ಕ್ಯಾಲೆಂಡರಿನಾಗಿಂದ ಇಳದು ಬಂದಾಳ. ಈ ಸಲ ಕಣ್ಣಾರೆ ಕಂಡ ದೇವಿ ಬೇಕು. ಇಲ್ಲಂದ್ರ ಗಂಟಿ ನನ್ನ ಕೈಯಾಗ ಇರ್ತೈತಿ, ನೋಡ್ರಿ.”

“ಕಣ್ಣಾರೆ ದೇವಿನ ಎಲ್ಲಿಂದ ತರ್ಲ್ರೀ ಮಾಸ್ತರ?”

“ಕವಿ ಯಾರು? ನಾನೋ, ನೀವೋ?”

ಅಷ್ಟು ಹೊತ್ತಿಗೆ ಗುರುಲಿಂಗಮ್ಮ ಲಿಂಗಸುಗೂರಿನ ಅಕ್ಕನಿಗೂ ಮಸ್ಕಿಯ ತಮ್ಮನಿಗೂ ಫೋನು ಮಾಡಿ ಮುಗಿಸಿದ್ದಳು. ಹನ್ನೊಂದನೇ ತಾರೀಖು ಸಂಜೆ ನಾಲ್ಕು ಗಂಟೆಗೆ ಬೀಗರೆಲ್ಲ ಮುಂದಿನ ಸಾಲಿನಲ್ಲಿ ಕೂರುವುದು ಖಾತ್ರಿಯಾಯಿತು. ಕರಿಬಸಯ್ಯನವರಿಗೆ ಊಟ ಸೇರಲಿಲ್ಲ.

ಮರುದಿನ ಅಂಗಡಿಗೆ ಯಮನಮ್ಮ ಬಂದಳು. ತುರ್ವಿಹಾಳದ ಆಚೆ ಉಪಕಾಲುವೆಯ ತುತ್ತತುದಿಯಲ್ಲಿರುವ ಸುಣ್ಣದಹಾಳದವಳು, ಐವತ್ತರ ಆಸುಪಾಸು. ಮೂರೆಕರೆ ಭತ್ತ ಹೊಡೆ ಹಾಯುವ, ಅಂದರೆ ತೆನೆ ಹೊರಡುವ ಹೊತ್ತಿಗೆ ಬಂದು ನಿಂತಿದೆ, ಕಾಲುವೆಯಲ್ಲಿ ನೀರಿಲ್ಲ. ಅರ್ಜಿ ಹಿಡಿದು ಅವಳು ಬಂದದ್ದು ಅದು ಹದಿನಾರನೇ ಸಲ.

“ಒಂಬತ್ತು ಕಾಪಿ ತಗೀರಿ ಅಯ್ಯನೋರ. ಒಂಬತ್ತು ಟೇಬಲ್ ಅದಾವು, ಒಂಬತ್ತಕ್ಕೂ ಕೊಡ್ತೀನಿ. ಇವತ್ತ ಒಬ್ಬನ್ನೂ ಬಿಡಂಗಿಲ್ಲ.”

ಕಾಪಿಗಳನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದು, ಸೆರಗನ್ನು ಸೊಂಟಕ್ಕೆ ಬಿಗಿದು ಅವಳು ಎದುರಿನ ಕಚೇರಿಗೆ ನುಗ್ಗಿದಳು. ಹತ್ತು ನಿಮಿಷ ಅವಳ ದನಿಯೊಂದೇ ಕೇಳುತ್ತಿತ್ತು. ಆಮೇಲೆ ಒಬ್ಬರು ಚಪ್ಪಲಿ ಬಿಟ್ಟು ಹೊರಗೆ ಓಡಿ ಬಂದರು. ಇನ್ನೊಬ್ಬರು ಕನ್ನಡಕ ಕೈಯಲ್ಲಿ ಹಿಡಿದು ಹಿತ್ತಲ ಬಾಗಿಲಿನಿಂದ ಹೋದರು. ಅವರ ಹಿಂದೆ ಯಮನಮ್ಮ ಮೆಟ್ಟಿಲ ಮೇಲೆ ಬಂದು ನಿಂತಳು. ಕೂದಲು ಬಿಚ್ಚಿತ್ತು, ಕುಂಕುಮ ಹಣೆಯ ತುಂಬ ಹರಡಿತ್ತು, ಕಣ್ಣು ಕೆಂಪಾಗಿತ್ತು.

ಕರಿಬಸಯ್ಯನವರು ನನ್ನ ಗ್ರೀಸು ಮೆತ್ತಿದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ತಮ್ಮಾ, ಸಿಕ್ಕಳು!”

“ಯಾರ್ರೀ?”

“ದೇವಿ! ನಾಳೆ ನಿನ್ನ ಗಾಡಿ ಮ್ಯಾಲ ಸುಣ್ಣದಹಾಳಕ್ಕ ಹೋಗೋಣು. ಅಕಿ ಹ್ಯಾಂಗ ನಡೀತಾಳ, ಹ್ಯಾಂಗ ಗದರ್ತಾಳ, ಎಲ್ಲಾ ನೋಡಿ ಬರ್ಕೋಬೇಕು. ಆದ್ರ ಬಾಯಿ ಬಿಡಬ್ಯಾಡ. ಹುಟ್ಟೂದಕ್ಕಿಂತ ಮೊದಲ ಕವಿತೆ ಸುದ್ದಿ ಹೇಳಿದ್ರ ದೃಷ್ಟಿ ಆಗ್ತೈತಿ.”

ಈ ದೃಷ್ಟಿಯ ಭಯವೇ ಮುಂದಿನ ಎಲ್ಲ ಅನಾಹುತಕ್ಕೆ ಮೂಲ ಎಂದು ಇಲ್ಲಿಯೇ ಹೇಳಿಬಿಡುತ್ತೇನೆ.

ಕಾಲುವೆಯ ವಿಷಯ ತಿಳಿಯದವರಿಗೆ ಎರಡು ಮಾತು. ನೀರು ಮೇಲಿನಿಂದ ಬರುತ್ತದೆ. ಮೇಲ್ಭಾಗದ ಕೆಲವರು ರಾತ್ರೋರಾತ್ರಿ ಕಾಲುವೆಗೆ ಪೈಪು ಇಳಿಸಿ ಮೋಟಾರು ಕೂರಿಸುತ್ತಾರೆ. ತುದಿಯ ಹೊಲಗಳಿಗೆ ನೀರಿನ ಸುದ್ದಿ ಮಾತ್ರ ತಲುಪುತ್ತದೆ. ಗಲಾಟೆ ಜೋರಾದಾಗ ಸಾಹೇಬರು ಪುಸ್ತಕ ಹಿಡಿದು ಬಂದು ಹೆಸರು ಬರೆದುಕೊಂಡು ಮೋಟಾರು ಎತ್ತಿಸುತ್ತಾರೆ. ಹೀಗಾಗಿ ಭತ್ತ ಹೊಡೆ ಹಾಯುವ ಕಾಲದಲ್ಲಿ ಕಾಲುವೆಯ ದಡದ ಮೇಲೆ ಹೊಸ ಮನುಷ್ಯ ಪುಸ್ತಕ ಹಿಡಿದು ನಿಂತರೆ ಅವನು ಯಾರೆಂದು ಆ ಭಾಗದಲ್ಲಿ ಯಾರೂ ಕೇಳುವುದಿಲ್ಲ.

ಕರಿಬಸಯ್ಯನವರ ಕೈಯಲ್ಲಿದ್ದದ್ದು ಸಾದಾ ಪುಸ್ತಕವೂ ಅಲ್ಲ. ಯಾವುದೋ ಕಚೇರಿಯವರು ಮಾಡಿಸಲು ಹೇಳಿ ಒಯ್ಯದೆ ಬಿಟ್ಟಿದ್ದ ಕೆಂಪು ಬಟ್ಟೆಯ ಹೊದಿಕೆಯ ಮೊಳದುದ್ದದ ರಿಜಿಸ್ಟರು. ಬಿಳಿ ಅಂಗಿ, ಕಿವಿಯ ಮೇಲೆ ಪೆನ್ನು, ಬಗಲಲ್ಲಿ ಕೊಡೆ. ಇವರನ್ನು ನೋಡಿದರೆ ಸ್ವತಃ ಸಾಹೇಬರೂ ಎದ್ದು ನಿಲ್ಲಬೇಕು.

ನಾವು ಹೋದಾಗ ಯಮನಮ್ಮ ಸೊಂಟಕ್ಕೆ ಕುಡುಗೋಲು ಸಿಕ್ಕಿಸಿ ದಡದ ಮೇಲೆ ಮೇಲ್ಮುಖವಾಗಿ ನಡೆಯುತ್ತಿದ್ದಳು. ಎಲ್ಲಿ ಪೈಪು ಕಂಡರೂ ನಿಂತು, ಅದರ ಒಡೆಯನ ಮೂರು ತಲೆಮಾರಿಗೂ ತಲುಪುವಂತೆ ಬೈದು ಮುಂದೆ ಹೋಗುತ್ತಿದ್ದಳು. ಹಿಂದೆ ನಲವತ್ತು ಮಾರು ದೂರದಲ್ಲಿ ಕರಿಬಸಯ್ಯನವರು ಅವಳು ನಿಂತಲ್ಲೆಲ್ಲ ನಿಂತು ಬರೆದುಕೊಳ್ಳುತ್ತಿದ್ದರು. ಒಮ್ಮೆ ತಿರುಗಿ ನೋಡಿದವಳು, “ಝೆರಾಕ್ಸ್ ಅಯ್ಯನೋರು ಗಾಳಿ ತಗೊಳ್ಳಾಕ ಬಂದಾರ,” ಎಂದುಕೊಂಡು ತನ್ನ ಕೆಲಸಕ್ಕೆ ಹೋದಳು. ಆದರೆ ಹೊಲಗಳಲ್ಲಿದ್ದವರಿಗೆ ಕಂಡದ್ದು ಬೇರೆ. ಯಮನಮ್ಮ ತೋರಿಸುತ್ತಿದ್ದಾಳೆ, ಸಾಹೇಬರು ಬರೆದುಕೊಳ್ಳುತ್ತಿದ್ದಾರೆ!

ಮೇಲ್ಭಾಗದ ದುರುಗೇಶ ಎಂಬವನು ಧೈರ್ಯ ಮಾಡಿ ಎದುರಿಗೆ ಬಂದ.

“ಏನು ಬರಿಯಾಕತ್ತೀರಿ ಸಾಹೇಬ್ರ?”

“ಕಂಡದ್ದು.”

“ಏನು ಕಂಡದ್ರೀ?”

“ಎಲ್ಲಾ ಕಂಡೈತಿ. ಈಗ ಹೇಳಂಗಿಲ್ಲ. ಹನ್ನೊಂದನೇ ತಾರೀಖು ಸಿಂಧನೂರಾಗ ಎಲ್ಲಾರ ಮುಂದ ಓದ್ತೀನಿ.”

“ಎಲ್ಲಾರ ಮುಂದ?”

“ಮೈಕಿನಾಗ,” ಎಂದು ಕರಿಬಸಯ್ಯನವರು ನಾಚಿ ನಕ್ಕರು. ಆ ನಗು ನೋಡಿ ದುರುಗೇಶ ಎರಡು ಹೆಜ್ಜೆ ಹಿಂದೆ ಸರಿದ.

ಮಧ್ಯಾಹ್ನ ನಾವು ಊರೊಳಗಿನ ಹಸನ್‌ಸಾಬ್‌ರ ಚಹಾದ ಹೋಟೆಲಿಗೆ ಬಂದೆವು. ಕರಿಬಸಯ್ಯನವರು ರಿಜಿಸ್ಟರನ್ನು ಬೆಂಚಿನ ಮೇಲಿಟ್ಟು ಮುಖ ತೊಳೆಯಲು ಹಿಂದಕ್ಕೆ ಹೋದರು. ಹೋಗುವುದೇ ತಡ, ನಮ್ಮ ಹಿಂದೆಯೇ ಬಂದಿದ್ದ ದುರುಗೇಶ ಅದನ್ನು ತೆರೆದ. ಅಲ್ಲಿದ್ದದ್ದು ಕವಿತೆಯ ನಕಾಶೆ. ಆದರೆ ಅದನ್ನು ನಕಾಶೆ ಎಂದು ಬಲ್ಲವನು ನಾನೊಬ್ಬನೇ, ಮತ್ತು ನನ್ನ ಬಾಯಿಯಲ್ಲಿ ಆಗ ಬಿಸಿ ಮಿರ್ಚಿ ಇತ್ತು. ದುರುಗೇಶ ಅಕ್ಷರ ಕೂಡಿಸಿ ಓದಿದ:

“ಚಂಡ, ಮುಂಡ. ಸಣ್ಣವರು, ಬೇಗ ಮುಗಿಸಬೇಕು. ಧೂಮ್ರಲೋಚನ. ಬರೀ ಹೊಗೆ. ಶುಂಭ, ನಿಶುಂಭ. ಅಣ್ಣ ತಮ್ಮ, ಜೋಡಿ. ರಕ್ತಬೀಜ. ಒಂದು ತೆಗೆದರೆ ಎರಡು ಏಳುತ್ತವೆ, ಇವನಿಗೆ ಎಂಟು ಸಾಲು. ಮಹಿಷ. ಎಲ್ಲರಿಗಿಂತ ದೊಡ್ಡವನು, ನೀರಿನಲ್ಲಿ ಮುಳುಗಿದ್ದಾನೆ, ಕೊನೆಗೆ. ಎಲ್ಲರ ಸಂಹಾರ ಹನ್ನೊಂದಕ್ಕೆ, ಸಿಂಧನೂರು.”

ಹೋಟೆಲಿನಲ್ಲಿದ್ದ ಮೋಟಾರಿನವರೆಲ್ಲ ಬೆಂಚಿನ ಸುತ್ತ ಸೇರಿದರು.

“ಇದು ಪುರಾಣ ಅಲ್ಲೇನಪಾ?” ಎಂದರು ಹಸನ್‌ಸಾಬ್. “ವರ್ಷಾ ಗುಡಿ ಮೈಕಿನಾಗ ನಾನೂ ಕೇಳ್ತೀನಿ.”

“ಅಲ್ಲ,” ಎಂದ ದುರುಗೇಶ. ಅವನು ಪ್ರತಿ ವರ್ಷ ಪುರಾಣಕ್ಕೆ ತಾಳ ಹಾಕುವವನು, ಅವನ ಮಾತಿಗೆ ತೂಕವಿತ್ತು. “ಪುರಾಣದಾಗ ಮಹಿಷ ಮೊದಲ ಸಾಯ್ತಾನ, ಶುಂಭ ನಿಶುಂಭ ಆಮ್ಯಾಲ. ಇದರಾಗ ಮಹಿಷನ್ನ ಕೊನೀಗೆ ಇಟ್ಟಾರ. ಅಂದ್ರ ಇದು ಪುರಾಣ ಅಲ್ಲ. ಇವು ನಮ್ಮ ಹೆಸರು!”

ದೊಡ್ಡವನನ್ನು ಕೊನೆಗೆ ಇಟ್ಟರೆ ಕವಿತೆಗೆ ಏರು ಸಿಗುತ್ತದೆ ಎಂದು ಕರಿಬಸಯ್ಯನವರು ನನಗೆ ದಾರಿಯುದ್ದಕ್ಕೂ ಹೇಳಿದ್ದರು. ಇದನ್ನು ಹೇಳಿಬಿಡಬೇಕೆಂದು ನಾನು ಮಿರ್ಚಿ ನುಂಗಿದೆ. ಅಷ್ಟರಲ್ಲಿ ಯಾರೋ ನನ್ನ ಮುಂದೆ ಎರಡನೇ ಪ್ಲೇಟು ಇಟ್ಟು, “ತಿನ್ರಿ ಸಾಹೇಬ್ರ,” ಎಂದರು. ಇಪ್ಪತ್ತು ವರ್ಷ ಟ್ಯೂಬು ತಿದ್ದಿದವನನ್ನು ಯಾರಾದರೂ ಸಾಹೇಬ ಎಂದದ್ದು ಅದೇ ಮೊದಲು. ನಾನು ಸುಮ್ಮನಾದೆ. ಇದಕ್ಕಾಗಿ ನನ್ನನ್ನು ಬೈಯುವವರು ಮೊದಲು ಹಸನ್‌ಸಾಬ್‌ರ ಮಿರ್ಚಿ ತಿಂದು ನೋಡಬೇಕು.

ಕರಿಬಸಯ್ಯನವರು ಹಿಂದೆ ಯಾವುದೋ ಸಾಲು ಗುನುಗುತ್ತ ನಿಂತುಬಿಟ್ಟಿದ್ದರು, ಇಲ್ಲಿ ಹಂಚಿಕೆ ಶುರುವಾಯಿತು. ಧೂಮ್ರಲೋಚನನ ಬಗ್ಗೆ ತಕರಾರೇ ಬರಲಿಲ್ಲ. ಅಮರಗುಂಡಪ್ಪನ ಡೀಸೆಲ್ ಇಂಜಿನ್ನಿನ ಹೊಗೆಗೆ ಅರ್ಧ ಊರು ಕೆಮ್ಮುತ್ತಿತ್ತು. ಶುಂಭ ನಿಶುಂಭ ದುರುಗೇಶ ಮತ್ತು ಅವನಣ್ಣ ಎಂದೂ ತೀರ್ಮಾನವಾಯಿತು.

“ಶುಂಭ ಅಣ್ಣನೋ ತಮ್ಮನೋ?” ಎಂದು ಯಾರೋ ಕೇಳಿದರು.

“ಅಣ್ಣ,” ಎಂದ ದುರುಗೇಶ. ಮರುಗಳಿಗೆ ಅವನ ಮುಖ ಗಂಟಾಯಿತು. “ಮೋಟಾರು ನಂದು, ವೈರು ನಂದು, ದೊಡ್ಡ ಹೆಸರು ಅವಂಗ!”

“ಒಂದು ತೆಗೆದರೆ ಎರಡು ಅಂದ್ರ ಯಾರಲೇ?”

ಎಲ್ಲರ ಕಣ್ಣು ಗಿಡ್ಡಪ್ಪನ ಕಡೆ ಹೋದವು. ಹೋದ ವರ್ಷ ಸಾಹೇಬರು ಅವನದೊಂದು ಮೋಟಾರು ಎತ್ತಿಸಿದ್ದರು. ವಾರದಲ್ಲಿ ಅದೇ ಜಾಗದಲ್ಲಿ ಎರಡು ಎದ್ದಿದ್ದವು. ಗಿಡ್ಡಪ್ಪನ ಕೈಯಲ್ಲಿದ್ದ ಚಹಾ ಅಂಗಿಯ ಮೇಲೆ ಚೆಲ್ಲಿತು.

ಇನ್ನುಳಿದವನು ಮಹಿಷ. ಮೇಲಿನ ಊರಿನ ಯಾರೋ ದೊಡ್ಡ ಕುಳ ಇರಬೇಕು ಎಂದು ಒಬ್ಬ ಹೇಳಿದ. ಮೂಲೆಯ ಬೆಂಚಿನಿಂದ ಲಾಲಪ್ಪ ಎದ್ದು ನಿಂತ.

“ಮ್ಯಾಲಿನ ಊರಿಗ್ಯಾಕ ಹೋಗ್ತೀರಲೇ? ಈ ಕಾಲುವ್ಯಾಗ ಹತ್ತು ಎಚ್‌ಪಿ ಮೋಟಾರು ಮುಳುಗಿಸಿದಾಂವ ಯಾರು? ನಿಮ್ಮ ಮೂರು ಎಚ್‌ಪಿ ಆಟಿಗಿ ಸಾಮಾನಿಗೆ ಮಹಿಷ ಅಂತಾರೇನು? ಮಹಿಷ ಅಂದ್ರ ನಾನ!”

ಎದೆ ತಟ್ಟಿಕೊಂಡು ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದೇನೆಂದು ಅವನಿಗೆ ಹೊಳೆಯಿತು. ಹೆಗಲ ಮೇಲಿನ ಟವೆಲ್ಲಿನಿಂದ ಹಣೆ ಒರೆಸಿಕೊಂಡು ಮೆಲ್ಲಗೆ ಕೂತ.

ಅಂದು ಸಂಜೆ ಅಲ್ಲಿನ ಗುಡಿಯ ಪುರಾಣದಲ್ಲಿ ರಕ್ತಬೀಜನ ವಧೆ, ಇದು ನಾನು ಆಮೇಲೆ ಹಸನ್‌ಸಾಬ್‌ರಿಂದ ಕೇಳಿದ್ದು. ಯಾವಾಗಲೂ ಅಜ್ಜಿಯರೇ ಕೂರುವ ಮುಂದಿನ ಸಾಲಿನಲ್ಲಿ ಅಂದು ಮೋಟಾರಿನವರು ಸಾಲಾಗಿ ಕೂತಿದ್ದರು. ನೆಲಕ್ಕೆ ಬಿದ್ದ ಒಂದೊಂದು ಹನಿ ನೆತ್ತರಿಗೂ ಒಬ್ಬೊಬ್ಬ ರಾಕ್ಷಸ ಎದ್ದ ಎಂದು ಶಾಸ್ತ್ರಿಗಳು ಹಾಡುತ್ತಿದ್ದ ಹಾಗೆ ಗಿಡ್ಡಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಶಾಸ್ತ್ರಿಗಳು ಹಾಡು ನಿಲ್ಲಿಸಿದರು. ಇಪ್ಪತ್ತು ವರ್ಷದಲ್ಲಿ ಈ ಅಧ್ಯಾಯಕ್ಕೆ ಅತ್ತವರನ್ನು ಇವತ್ತೇ ಕಂಡೆ ಎಂದು ಅವರು ಮೈಕಿನಲ್ಲೇ ಹೇಳಿದರು.

ಎರಡು ದಿನ ಬಿಟ್ಟು ಗಿಡ್ಡಪ್ಪ ಯಮನಮ್ಮನಿಂದ ವಿಳಾಸ ಕೇಳಿಕೊಂಡು ಸಿಂಧನೂರಿನ ಅಂಗಡಿಗೆ ಒಂದು ಕುಂಬಳಕಾಯಿ ಹೊತ್ತು ಬಂದ. ಝೆರಾಕ್ಸ್ ಅಂಗಡಿ ಗುಪ್ತ ಅಧಿಕಾರಿಯ ಮರೆವೇಷ ಎಂದು ಮೋಟಾರಿನವರು ಅಷ್ಟರಲ್ಲಿ ತೀರ್ಮಾನಿಸಿದ್ದರು.

“ಅಯ್ಯನೋರ, ರಕ್ತಬೀಜನ ಬಗ್ಗೆ ಜರಾ ಮಾತಾಡಬೇಕಿತ್ರೀ.”

ಕರಿಬಸಯ್ಯನವರು ಯಂತ್ರ ಬಂದ್ ಮಾಡಿ ಎದ್ದೇಬಿಟ್ಟರು. ತಮ್ಮ ಕವಿತೆಯ ಬಗ್ಗೆ ಮಾತಾಡಬೇಕೆಂದು ಮನುಷ್ಯನೊಬ್ಬ ಬಸ್ಸು ಹತ್ತಿ ಬಂದಿದ್ದ! ಅವನು ಅದನ್ನು ಹೇಗೆ ತಿಳಿದುಕೊಂಡ ಎಂದು ಕೇಳುವಷ್ಟು ವ್ಯವಧಾನ ಯಾವ ಕವಿಗೂ ಇರುವುದಿಲ್ಲ.

“ಕೂಡ್ರಿ, ಕೂಡ್ರಿ. ಏನನಸ್ತು ಹೇಳ್ರಿ.”

“ಅವನ್ನ ಬಿಟ್ಟುಬಿಡಾಕ ಆಗಂಗಿಲ್ಲೇನ್ರೀ?”

“ಹ್ಯಾಂಗ ಬಿಡಾಕ ಬರ್ತೈತಿ? ಅವನ್ನ ಬಿಟ್ರ ಉಳದದ್ದೆಲ್ಲಾ ಸಪ್ಪಗಾಗ್ತೈತಿ.”

“ಎಂಟು ಸಾಲು ಭಾಳ ಆತ್ರೀ. ಎರಡಕ್ಕ ಇಳಸ್ರಿ.”

“ನೀವು ಇಷ್ಟು ಆಸ್ತೆ ತೋರಿಸಿದ ಮ್ಯಾಲ ಹತ್ತು ಮಾಡಾಕ ಮನಸಾಗಾಕತ್ತೈತಿ!”

ಗಿಡ್ಡಪ್ಪ ಬಾಗಿಲ ಕಂಬ ಹಿಡಿದುಕೊಂಡ. “ಮಕ್ಕಳು ಮರಿ ಅದಾವ್ರೀ ಅಯ್ಯನೋರ.”

ಕರಿಬಸಯ್ಯನವರು ಪೆನ್ನು ತೆಗೆದರು. “ಹೌದಲ್ಲ! ರಕ್ತಬೀಜಗೂ ಮನ್ಯಾಗ ಮಕ್ಕಳಿದ್ದಿರಬೇಕು. ಇದು ಯಾರಿಗೂ ಹೊಳದಿರಲಿಲ್ಲ ನೋಡ್ರಿ. ಅದನ್ನೂ ಸೇರಸ್ತೀನಿ.”

“ಮಕ್ಕಳ ಹೆಸರೂ ಬರೀತೀರಾ?” ಎಂದು ಚೀರಿ ಗಿಡ್ಡಪ್ಪ ಓಡಿದ. ಕುಂಬಳಕಾಯಿಯನ್ನು ನಾವು ಅರ್ಧರ್ಧ ಮಾಡಿಕೊಂಡೆವು.

ಲಾಲಪ್ಪ ನೇರವಾಗಿ ಮನೆಗೇ ಹೋದ, ಬಗಲಲ್ಲಿ ಒಂದು ಹುಂಜ ಹಿಡಿದುಕೊಂಡು. ದಾರಿ ತೋರಿಸಲು ನಾನೇ ಜೊತೆಗಿದ್ದೆ. ಜಂಗಮರ ಮನೆಗೆ ಹುಂಜ! ಅದು ಕೈ ತಪ್ಪಿಸಿಕೊಂಡು ದೇವರ ಜಗಲಿಯ ಮೇಲೆ ಹತ್ತಿ ಕೂತು ಕೂಗಿತು. ಗುರುಲಿಂಗಮ್ಮ ಲಟ್ಟಣಿಗೆ ಹಿಡಿದು ಬಂದಳು.

“ಇದೇನ್ರೀ ಇದು? ನೀವು ಯಾವ ದೇವಿಗೆ ಬರಿಯಾಕತ್ತೀರಿ?”

“ಅಭಿಮಾನಿಗಳು ಅದಾರ. ಪಾಪ, ಅವರಿಗೆ ನಮ್ಮ ಪದ್ಧತಿ ಗೊತ್ತಿಲ್ಲ,” ಎಂದು ಕರಿಬಸಯ್ಯನವರು ಅವಳನ್ನು ಒಳಗೆ ಕಳಿಸಿದರು.

“ಮಹಿಷಂದು ಏನು ಮಾಡೀರಿ ಅಯ್ಯನೋರ?” ಎಂದ ಲಾಲಪ್ಪ, ಹೊಸ್ತಿಲಲ್ಲಿ ಕೈ ಕಟ್ಟಿ ನಿಂತು.

“ಅವಂಗ ಅಗದೀ ಮರ್ಯಾದಿ ಸಾವು ಕೊಟ್ಟೀನಿ.”

“ತಪ್ಪಸಾಕ ಬರಂಗಿಲ್ಲ?”

“ಇಲ್ಲ.”

“ಗಿಡ್ಡ್ಯಾಗ ಎಂಟು ಸಾಲಂತ. ನನಗ… ಅಂದ್ರ, ಮಹಿಷಗ ಎಷ್ಟ್ರೀ?”

“ಹದಿನಾರು.”

ಲಾಲಪ್ಪನ ಕಣ್ಣಲ್ಲಿ ನೀರು ಬಂತು. ಭಯಕ್ಕೋ ಅಭಿಮಾನಕ್ಕೋ ನನಗಿನ್ನೂ ತಿಳಿದಿಲ್ಲ. “ಅಷ್ಟಾದ್ರೂ ಮಾಡಿದ್ರೆಲ್ಲ,” ಎಂದು ಕಾಲು ಮುಟ್ಟಿ ನಮಸ್ಕರಿಸಿ ಹುಂಜದ ಸಮೇತ ಹೋದ.

ಆ ವಾರ ಕಾಲುವೆಯಿಂದ ಒಂದೊಂದೇ ಪೈಪು ಮೇಲೆ ಬಂತು. ನಾನು ನಿಜ ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದೆ. ಆದರೆ ಕರಿಬಸಯ್ಯನವರ ಮುಖ ನೋಡಿದೆ. ಹನ್ನೆರಡು ವರ್ಷದಲ್ಲಿ ಆ ಮುಖ ಅಷ್ಟು ಬೆಳಗಿದ್ದನ್ನು ನಾನು ಕಂಡಿರಲಿಲ್ಲ. ಹೇಳಲು ಮನಸ್ಸಾಗಲಿಲ್ಲ.

ಹನ್ನೊಂದನೇ ತಾರೀಖು ಬಂತು. ಕವಿಗೋಷ್ಠಿಗೆ ಬರುವವರು ಯಾರೆಂದು ಎಲ್ಲರಿಗೂ ಗೊತ್ತು. ತಮ್ಮ ಸರದಿಗೆ ಕಾಯುವ ಕವಿಗಳು, ಮತ್ತು ಕುರ್ಚಿ ವಾಪಸು ಒಯ್ಯಲು ಕಾಯುವ ಶಾಮಿಯಾನದವನು. ಅಂದು ಮೂರೂವರೆಗೆ ಸಭಾಭವನದ ಮುಂದೆ ಏಳು ಟ್ರ್ಯಾಕ್ಟರ್ ನಿಂತವು. ಟ್ರೇಲರುಗಳಿಂದ ಮೇಲ್ಭಾಗದವರು, ಕೆಳಭಾಗದವರು, ಅವರ ಹೆಂಡಿರು, ಅತ್ತೆಯರು ಎಲ್ಲರೂ ಇಳಿದರು. ಕಾಲುವೆ ಕಡೆಯ ಸಾಹೇಬರೊಬ್ಬರು, ತಮಗೆ ತಿಳಿಸದೆ ಮೇಲಿನಿಂದ ಕಳಿಸಿದ ಈ ಗುಪ್ತ ಅಧಿಕಾರಿ ಯಾರೆಂದು ನೋಡಲು ಬಂದು ಕೊನೆಯ ಸಾಲಿನಲ್ಲಿ ಕರವಸ್ತ್ರ ಮುಖಕ್ಕೆ ಹಿಡಿದು ಕೂತಿದ್ದರು. ಮಸ್ಕಿಯ ಚನ್ನವೀರನಿಗೆ ಕುರ್ಚಿಯೇ ಸಿಗಲಿಲ್ಲ. ಗುರುಬಸವ ಮಾಸ್ತರರು ವೇದಿಕೆಯ ಮೇಲೆ ನಿಂತು, “ಕನ್ನಡಕ್ಕ ಒಳ್ಳೇ ದಿನ ಬಂದ್ವು!” ಎಂದು ಕಣ್ಣೊರೆಸಿಕೊಂಡರು.

ಕರಿಬಸಯ್ಯನವರ ಸರದಿ ಬಂದಾಗ ಮಾತ್ರ ಸಭೆ ಉಸಿರು ಬಿಗಿ ಹಿಡಿಯಿತು. ಅವರು ಕೆಂಪು ರಿಜಿಸ್ಟರು ತೆರೆದು ಬಾಗಿಲ ಕಡೆ ನೋಡಿದರು. ಯಮನಮ್ಮನಿಗೆ ಸ್ವಂತ ಕೈಯಿಂದ ಪತ್ರಿಕೆ ಕೊಟ್ಟು ಬಂದಿದ್ದರು. ಅವಳು ಕಾಣಲಿಲ್ಲ. ಓದತೊಡಗಿದರು.

“ಎದ್ದು ಬಂದಳು ತಾಯಿ ಕಾಲುವೆಯ ದಡದಲ್ಲಿ
ಸೊಂಟದಲಿ ಕುಡುಗೋಲು, ಕೆಸರು ಮೊಣಕಾಲು…”

ಚಂಡ ಮುಂಡರು ಬೇಗ ಮುಗಿದರು. ಧೂಮ್ರಲೋಚನ ಹೊಗೆಯೊಳಗೆ ಹೊಗೆಯಾದ ಎಂಬ ಸಾಲಿಗೆ ಅಮರಗುಂಡಪ್ಪ ಎದ್ದು ನಿಂತ.

“ಇಂಜಿನ್ ಎತ್ತೀನ್ರೀ! ಕೊಟ್ಟಿಗ್ಯಾಗ ಐತಿ, ಬೇಕಾದ್ರ ಈಗ ಬಂದು ನೋಡ್ರಿ!”

ಸಭೆ ಚಪ್ಪಾಳೆ ತಟ್ಟಿತು. ಕರಿಬಸಯ್ಯನವರು ಗಲಿಬಿಲಿಯಾದರೂ ರಸಾವೇಶ ಇರಬೇಕೆಂದು ಮುಂದುವರಿದರು. ಶುಂಭ ಬಿದ್ದ ತಕ್ಷಣ ದುರುಗೇಶ ಅಣ್ಣನನ್ನು ಎಬ್ಬಿಸಿದ. ನಿಶುಂಭನಿಗೆ ತಾನೇ ಎದ್ದ. ರಕ್ತಬೀಜ ಬಂದ.

“ಹನಿ ಬಿದ್ದ ಕಡೆಯೆಲ್ಲ ಮತ್ತೊಬ್ಬ ಎದ್ದ,
ಅವನಿಗೂ ಮನೆಯಲ್ಲಿ ಮಕ್ಕಳಿರಬಹುದು…”

“ಎರಡೂ ತೆಗ್ದೀನ್ರೀ! ಮಕ್ಕಳ ಆಣೆ!” ಎಂದು ಗಿಡ್ಡಪ್ಪ ಗೋಳೋ ಎಂದು ಅತ್ತ. ಅವನ ಹೆಂಡತಿಯೂ ಅತ್ತಳು. ಇದೇನೆಂದು ತಿಳಿಯದಿದ್ದರೂ ಲಿಂಗಸುಗೂರಿನ ಅಕ್ಕನೂ ಅತ್ತಳು.

ಒಬ್ಬ ಕವಿಗೆ ಕೊಡುವ ಮೂರು ನಿಮಿಷ ಮುಗಿದಿತ್ತು. ಮಾಸ್ತರರು ಅಭ್ಯಾಸಬಲದಿಂದ ಗಂಟೆ ಎತ್ತಿದರು. ಇಡೀ ಸಭೆ ಎದ್ದು ನಿಂತಿತು.

“ಗಂಟಿ ಕೆಳಗಿಡ್ರೀ ಮಾಸ್ತರ! ಮಹಿಷ ಇನ್ನಾ ಬಂದಿಲ್ಲ!”

ಮಾಸ್ತರರು ಗಂಟೆಯನ್ನು ಕುರ್ಚಿಯ ಕೆಳಗಿಟ್ಟರು. ಕರಿಬಸಯ್ಯನವರು ಮಹಿಷನ ಎರಡು ಸಾಲು ಓದಿದ್ದರೋ ಇಲ್ಲವೋ, ಲಾಲಪ್ಪ ವೇದಿಕೆ ಹತ್ತಿ ಮೈಕು ಹಿಡಿದ.

“ಹದಿನಾರು ಸಾಲು ಬ್ಯಾಡ್ರೀ, ತಡಕೊಳ್ಳಾಕಾಗಂಗಿಲ್ಲ. ಮಹಿಷ ನಾನ. ಹತ್ತು ಎಚ್‌ಪಿ. ಮುಂಜಾನೆ ಎತ್ತೀನಿ. ನೀರು ಕೆಳಗ ಹೊಂಟೈತಿ. ನನ್ನ ಸಂಹಾರ ಇಲ್ಲಿಗೆ ಸಾಕು ಮಾಡ್ರಿ!”

ಸಿಳ್ಳೆ ಬಿದ್ದವು, ಹಲಗೆ ಬಡಿದರು. ಲಾಲಪ್ಪನಿಗೂ ಕರಿಬಸಯ್ಯನವರಿಗೂ ಒಂದೇ ಹಾರ ಹಾಕಿದರು. ಸಾಹೇಬರು ಕರವಸ್ತ್ರ ತೆಗೆದು ಮುಂದೆ ಬಂದು ಫೋಟೋಕ್ಕೆ ನಿಂತರು. ಚನ್ನವೀರ ಓಡಿ ಬಂದು, “ಮಾವ, ನೀವು ಯಾವ ಇಲಾಖೆಗೆ ಸೇರೀರಿ? ನಮಗ ಹೇಳಲೇ ಇಲ್ಲಲ್ಲ!” ಎಂದ. ಟ್ರ್ಯಾಕ್ಟರುಗಳು ಹೋದವು. ಶಾಮಿಯಾನದವನು ಕುರ್ಚಿ ಜೋಡಿಸತೊಡಗಿದ.

ಕರಿಬಸಯ್ಯನವರು ಹಾರ ಹಾಕಿಕೊಂಡೇ ವೇದಿಕೆಯ ಅಂಚಿನಲ್ಲಿ ಕೂತಿದ್ದರು. ಮಹಿಷನ ಹದಿನಾಲ್ಕು ಸಾಲು ಉಳಿದಿದ್ದವು. ದೇವಿಯ ಮುಖವನ್ನು ಬರೆದ ಕೊನೆಯ ನುಡಿ ಇಡಿಯಾಗಿ ಉಳಿದಿತ್ತು.

“ತಮ್ಮಾ, ಇವರ್ಯಾರೂ ಕವಿತೆ ಕೇಳಾಕ ಬಂದಿರಲಿಲ್ಲೇನು?”

ಈ ಸಲ ನನ್ನ ಬಾಯಿಯಲ್ಲಿ ಮಿರ್ಚಿ ಇರಲಿಲ್ಲ.

“ಇಲ್ರೀ,” ಎಂದೆ. ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಗುರುಲಿಂಗಮ್ಮ ಪಕ್ಕದಲ್ಲಿ ಬಂದು ಕೂತು, “ನಾ ಕೇಳ್ತೀನಿ, ಓದ್ರಿ,” ಎಂದಳು. ಮೂರನೇ ಸಾಲಿಗೆ ಲಿಂಗಸುಗೂರಿನ ಅಕ್ಕ ಬಸ್ಸು ತಪ್ಪುತ್ತದೆಂದು ಕೂಗಿದಳು.

ಮರುದಿನ ಬೆಳಿಗ್ಗೆ ಅವರು ಅಂಗಡಿ ತೆರೆಯಲಿಲ್ಲ. ರಿಜಿಸ್ಟರು ಹಿಡಿದು ನನ್ನ ಗಾಡಿಯ ಹಿಂದೆ ಕೂತರು. ನಾನು ಗಾಡಿಯನ್ನು ತುರ್ವಿಹಾಳದ ಕಡೆ ತಿರುಗಿಸಿದೆ.

ಸುಣ್ಣದಹಾಳದ ತುದಿಯ ಹೊಲದಲ್ಲಿ ನೀರು ತುಂಬಿ ನಿಂತಿತ್ತು. ಯಮನಮ್ಮ ಮೊಣಕಾಲುದ್ದ ಕೆಸರಿನಲ್ಲಿ ಸಲಿಕೆ ಹಿಡಿದು ಬದುವಿನ ಬಾಯಿ ಕಟ್ಟುತ್ತಿದ್ದಳು. ಇಡೀ ರಾತ್ರಿ ಮಲಗಿದ ಹಾಗೆ ಕಾಣಲಿಲ್ಲ.

“ನಿನ್ನೆ ಯಾಕ ಬರಲಿಲ್ಲವ್ವಾ?” ಎಂದರು ಕರಿಬಸಯ್ಯನವರು.

“ನೀರು ಬಂತಲ್ರೀ ಅಯ್ಯನೋರ! ತಿಂಗಳ ಮ್ಯಾಲ ನೀರು ಬಂದೈತಿ, ಬಿಟ್ಟು ಹ್ಯಾಂಗ ಬರ್ಲಿ?”

“ಒಂದು ಕವಿತೆ ಐತಿ. ಕೇಳ್ತೀಯೇನು?”

“ಓದ್ರಿ. ಕೈಗೆ ಕೆಲಸ ಐತಿ, ಕಿವಿ ಖಾಲಿ ಅದಾವು.”

ಅವರು ಬದುವಿನ ಮೇಲೆ ನಿಂತು ಮೊದಲ ಸಾಲಿನಿಂದ ಓದಿದರು. ನಾಲ್ಕನೇ ಸಾಲಿಗೆ ನನ್ನ ಕೈ ತಾನಾಗಿ ಕಂಪ್ರೆಸರ್ ಹುಡುಕಿತು. ನಾನೇ ಆ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡೆ. ಯಮನಮ್ಮನ ಸಲಿಕೆ ನಡೆದೇ ಇತ್ತು. “ಅಕೀದೂ ಕುಡುಗೋಲೇನ್ರೀ?” ಎಂದು ನಡುವೆ ಒಮ್ಮೆ ಕೇಳಿದಳು. ರಕ್ತಬೀಜನ ಹೊತ್ತಿಗೆ ಸಲಿಕೆ ನಿಧಾನವಾಯಿತು. ಮಹಿಷನ ಹೊತ್ತಿಗೆ ನಿಂತಿತು. ದೇವಿಯ ಮುಖದ ನುಡಿ ಬಂದಾಗ ಅವಳು ಸಲಿಕೆಯ ಮೇಲೆ ಗದ್ದ ಊರಿ ಕಣ್ಣೆತ್ತಿ ಕೇಳುತ್ತಿದ್ದಳು. ಕವಿತೆ ಮುಗಿಯಿತು. ಕರಿಬಸಯ್ಯನವರ ಆಯುಷ್ಯದಲ್ಲಿ ಅದೇ ಮೊದಲ ಸಲ ಒಂದು ಕವಿತೆ ಮುಗಿದಿತ್ತು.

“ಹ್ಯಾಂಗೈತವ್ವಾ?”

“ಛಲೋ ಐತ್ರೀ.” ಯಮನಮ್ಮ ಸಲಿಕೆಗೆ ಮೆತ್ತಿದ ಕೆಸರು ಕೆರೆದಳು. “ಆದ್ರ ಒಂದು ಮಾತು ಕೇಳ್ಲೇನ್ರೀ? ಇಷ್ಟು ಮಂದೀ ಕೂಡ ಬಡದಾಡಿ ಬಂದಾಳ. ಆಮ್ಯಾಲ ಅಕಿ ಏನು ಉಂಡ್ಳು?”

ಕರಿಬಸಯ್ಯನವರು ರಿಜಿಸ್ಟರಿನ ಹಾಳೆ ಹಿಂದೆ ಮುಂದೆ ತಿರುವಿದರು. ಎಲ್ಲಿಯೂ ಇರಲಿಲ್ಲ.

“ಬರದಿಲ್ಲವ್ವಾ.”

“ಹಸಿವು ಆಗಿರ್ತೈತಲ್ರೀ ಅಕೀಗೆ.”

ಅವಳು ಕಾಲುವೆಯ ನೀರಿನಲ್ಲಿ ಕೈ ಕಾಲು ತೊಳೆದು ಬದುವಿಗೆ ಬಂದಳು. ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಮೊದಲು ಅಯ್ಯನವರಿಗೆ, ಆಮೇಲೆ ನನಗೆ ಕೊಟ್ಟು ತಾನೂ ಒಂದು ರೊಟ್ಟಿ ಹಿಡಿದು ಕೂತಳು.

“ಇನ್ನೊಮ್ಮೆ ಓದ್ರಿ ಅಯ್ಯನೋರ. ಕೂತು ಕೇಳ್ತೀನಿ.”

ಯಮನಮ್ಮ ರೊಟ್ಟಿ ಮುರಿದು ಬಾಯಿಗಿಟ್ಟಳು. ಕರಿಬಸಯ್ಯನವರು ಕಣ್ಣೊರೆಸಿಕೊಂಡು ಮೊದಲ ಸಾಲಿನಿಂದ ಶುರು ಮಾಡಿದರು.